ಬರ್ಲಿನ್ನಿನ ಒಂದು ಚಿಕಿತ್ಸಾಲಯ
ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಗೆ ಆಧುನಿಕ ವೈದ್ಯಕೀಯದಲ್ಲಿ ಮೊದಲು ನೆಲೆ ಕೊಟ್ಟ ಊರುಗಳಲ್ಲಿ ಬರ್ಲಿನ್ ಮುಖ್ಯವಾದದ್ದು. ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1919ರಲ್ಲಿ ಅಲ್ಲಿ ಲೈಂಗಿಕ ವಿಜ್ಞಾನ ಸಂಸ್ಥೆಯನ್ನು ತೆರೆದರು. ಸಲಹೆ, ಚಿಕಿತ್ಸೆ, ಗ್ರಂಥಾಲಯ ಎಲ್ಲವೂ ಒಂದೇ ಸೂರಿನಡಿ ಇದ್ದವು. ಟ್ರಾನ್ಸ್ ವ್ಯಕ್ತಿಗಳು ತಮ್ಮಿಚ್ಛೆಯ ಉಡುಪಿನಲ್ಲಿ ಓಡಾಡಲು ಪೊಲೀಸರಿಂದ ಪರವಾನಗಿ ಚೀಟಿ ಪಡೆಯುವುದಕ್ಕೂ ಹಿರ್ಷ್‌ಫೆಲ್ಡ್ ಅವರ ವೈದ್ಯಕೀಯ ಅಭಿಪ್ರಾಯ ನೆರವಾಗುತ್ತಿತ್ತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಬೇರೆಡೆ ಕೆಲಸ ಸಿಗದ ಟ್ರಾನ್ಸ್ ಮಹಿಳೆಯರನ್ನು ಸಂಸ್ಥೆಯೇ ಮನೆಗೆಲಸಕ್ಕೆ ಇಟ್ಟುಕೊಂಡಿತು. ಅವರಲ್ಲೊಬ್ಬರಾದ ಡೋರಾ ರಿಕ್ಟರ್ ಅವರ ವೃಷಣಗಳನ್ನು 1922ರಲ್ಲಿ ತೆಗೆಯಲಾಯಿತು. ಯೋನಿ ರಚನೆಯ ಶಸ್ತ್ರಚಿಕಿತ್ಸೆಗೆ 1931ರವರೆಗೆ ಕಾಯಬೇಕಾಯಿತು. ಆಂಟಿಬಯಾಟಿಕ್‌ಗಳು ಇನ್ನೂ ಬಾರದ, ಶಸ್ತ್ರಚಿಕಿತ್ಸೆಯಲ್ಲಿ ಸೋಂಕಿನ ಅಪಾಯ ದೊಡ್ಡದಾಗಿದ್ದ ದಿನಗಳವು. ಅದೇ ವರ್ಷ ಡೆನ್ಮಾರ್ಕಿನ ಕಲಾವಿದೆ ಲಿಲಿ ಎಲ್ಬೆ ಡ್ರೆಸ್ಡನ್‌ನಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಸಂಸ್ಥೆಗೆ ನುಗ್ಗಿದರು. ನಾಲ್ಕು ದಿನಗಳಲ್ಲಿ ಅದರ ಪುಸ್ತಕಗಳು ಬಹಿರಂಗವಾಗಿ ಬೆಂಕಿಗೆ ಬಿದ್ದವು. ವಿದೇಶದಲ್ಲಿದ್ದ ಹಿರ್ಷ್‌ಫೆಲ್ಡ್ ಜರ್ಮನಿಗೆ ಮರಳಲೇ ಇಲ್ಲ. 1935ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನಿಧನರಾದರು.