ಬಾಬರ್ (ಮೋಟಾರ್‌ಸೈಕಲ್)

ಈ ಲೇಖನವು ಮೋಟಾರ್‌ಸೈಕಲ್ ವಿನ್ಯಾಸವನ್ನು ಕುರಿತದ್ದು. ಮೊಘಲ್ ದೊರೆಯ ಬಗೆಗಿನ ಲೇಖನಕ್ಕಾಗಿ ಬಾಬರ್ ಪುಟವನ್ನು ನೋಡಿ.

ಬಾಬರ್ ಎಂಬುದು ಅನಗತ್ಯವೆಂದು ತೋರುವ ಬಿಡಿಭಾಗಗಳನ್ನು ತೆಗೆದುಹಾಕಿ, ಮಡ್‌ಗಾರ್ಡುಗಳನ್ನು ಮೊಟಕುಗೊಳಿಸಿ, ಒಬ್ಬರೇ ಕೂರುವಂತಹ ತಗ್ಗಿನ ಆಸನವನ್ನು ಅಳವಡಿಸಿದ ಮೋಟಾರ್‌ಸೈಕಲ್ಲಿನ ಒಂದು ಶೈಲಿ. ಮೂಲ ಚಾಸಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು ವಾಹನವನ್ನು ಹಗುರಗೊಳಿಸುವುದು ಇದರ ಲಕ್ಷಣ. ಕರ್ನಾಟಕದಲ್ಲಿ ಈ ಶೈಲಿಯ ಮಾರ್ಪಾಡಿಗೆ ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ ಮತ್ತು ಯೆಜ್ದಿ ವಾಹನಗಳೂ, 100 ಸಿಸಿ ವರ್ಗದ ಹಳೆಯ ವಾಹನಗಳೂ ಬಳಕೆಯಾಗುತ್ತವೆ. ಭಾರತದಲ್ಲಿ ಇಂತಹ ಮಾರ್ಪಾಡು ಮೋಟಾರು ವಾಹನ ಕಾಯಿದೆಯ ನಿರ್ಬಂಧಗಳಿಗೆ ಒಳಪಟ್ಟಿದೆ.

## ಹೆಸರು ಮತ್ತು ಉಗಮ

ಬಾಲವನ್ನು ಮೊಟಕುಗೊಳಿಸುವುದು ಎಂಬ ಅರ್ಥದ ಇಂಗ್ಲಿಷ್ ಪದದಿಂದ ಈ ಹೆಸರು ಬಂದಿದೆ. ಹಿಂಬದಿಯ ಉದ್ದ ಮಡ್‌ಗಾರ್ಡನ್ನು ಕತ್ತರಿಸಿ ಗಿಡ್ಡ ಮಾಡುತ್ತಿದ್ದುದೇ ಇದಕ್ಕೆ ಕಾರಣ. 1930 ಮತ್ತು 1940ರ ದಶಕಗಳಲ್ಲಿ ಅಮೆರಿಕದ ಸವಾರರು ಸ್ಪರ್ಧಾ ವಾಹನಗಳನ್ನು ಅನುಕರಿಸಿ, ಹಾರ್ಲೆ-ಡೇವಿಡ್‌ಸನ್ ಮತ್ತು ಇಂಡಿಯನ್ ಕಂಪನಿಗಳ ಭಾರವಾದ ಮೋಟಾರ್‌ಸೈಕಲ್ಲುಗಳಿಂದ ಮುಂದಿನ ಮಡ್‌ಗಾರ್ಡ್, ಕ್ಯಾರಿಯರ್ ಮೊದಲಾದವುಗಳನ್ನು ಕಳಚುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಸೇನೆಯ ಹೆಚ್ಚುವರಿ ವಾಹನಗಳು ಮಾರುಕಟ್ಟೆಗೆ ಬಂದಾಗ ಈ ಪದ್ಧತಿ ಇನ್ನಷ್ಟು ಹರಡಿತು.

ಇದೇ ಪರಂಪರೆಯಿಂದ ಮುಂದೆ ಬೆಳೆದ ಚಾಪರ್ ಶೈಲಿಯಲ್ಲಿ ಚಾಸಿಯನ್ನೇ ಕತ್ತರಿಸಿ ಬೆಸೆದು, ಮುಂದಿನ ಫೋರ್ಕನ್ನು ಉದ್ದವಾಗಿ ಚಾಚಲಾಗುತ್ತದೆ. 1969ರ 'ಈಸಿ ರೈಡರ್' ಚಲನಚಿತ್ರದಿಂದ ಚಾಪರ್ ಜಗತ್ತಿಗೆಲ್ಲ ಪರಿಚಿತವಾಯಿತು. ಬಾಬರಿನಲ್ಲಿ ತೆಗೆಯುವುದು ಮುಖ್ಯ, ಚಾಪರಿನಲ್ಲಿ ರೂಪಾಂತರಿಸುವುದು ಮುಖ್ಯ ಎಂದು ಸ್ಥೂಲವಾಗಿ ಹೇಳಬಹುದು.

## ಮೈಸೂರು ಪ್ರದೇಶದ ಹಿನ್ನೆಲೆ

1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಂಪನಿಯು ಮೈಸೂರಿನ ಯಾದವಗಿರಿಯ ತನ್ನ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಡಿ ಮೋಟಾರ್‌ಸೈಕಲ್ಲುಗಳನ್ನು ತಯಾರಿಸಿತು. 1970ರ ದಶಕದಲ್ಲಿ ಇವು ಯೆಜ್ದಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ರೋಡ್‌ಕಿಂಗ್ ಇವುಗಳಲ್ಲಿ ಹೆಸರುವಾಸಿಯಾದ ಮಾದರಿ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಇದ್ದ ಊರಿಗೆ ಹೊಂದಿಕೊಂಡಂತಿರುವ ಶ್ರೀರಂಗಪಟ್ಟಣ, ಅದರಾಚೆಗಿನ ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್.ಪೇಟೆ) ಹಾಗೂ ನಾಗಮಂಗಲ ತಾಲ್ಲೂಕುಗಳು ಮಂಡ್ಯ ಜಿಲ್ಲೆಗೆ ಸೇರಿವೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರದಂದು ಆಚರಿಸಲಾಗುವ ಅಂತರರಾಷ್ಟ್ರೀಯ ಜಾವಾ ದಿನದಂದು ಬೆಂಗಳೂರು, ಮೈಸೂರುಗಳಲ್ಲಿ ಈ ವಾಹನಗಳ ಮಾಲೀಕರು ಒಟ್ಟುಗೂಡುತ್ತಾರೆ.

1985ರ ಸುಮಾರಿಗೆ ಬಂದ ಹೀರೊ ಹೋಂಡಾ ಸಿಡಿ 100 ಮತ್ತು ಯಮಾಹಾ ಆರ್‌ಎಕ್ಸ್ 100, ಅನಂತರದ ಸ್ಪ್ಲೆಂಡರ್ ಮುಂತಾದವು ಮಾರ್ಪಾಡಿಗೆ ಒಳಗಾಗುವ ಇತರ ಸಣ್ಣ ವಾಹನಗಳು.

## ಮಾರ್ಪಾಡಿನ ಹಂತಗಳು

### ಚಾಸಿ ಮತ್ತು ಆಸನ

ಉದ್ದನೆಯ ಜೋಡಿ ಆಸನವನ್ನು ತೆಗೆದು, ಸ್ಪ್ರಿಂಗುಗಳ ಮೇಲೆ ನಿಲ್ಲುವ ಒಂಟಿ ಆಸನವನ್ನು ಕೂರಿಸುವುದು ಮೊದಲ ಹಂತ. ಆಸನದ ಹಿಂದೆ ಉಳಿಯುವ ಚಾಸಿಯ ಕಂಬಿಗಳನ್ನು ಕತ್ತರಿಸುವ ರೂಢಿಯೂ ಇದೆ. ಹಲವು ವಾಹನಗಳಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ಇದೇ ಕಂಬಿಗಳಿಗೆ ಜೋಡಿಸಲ್ಪಟ್ಟಿರುತ್ತದೆ. ಹಿಂಬದಿಯ ಭಾರವೆಲ್ಲ ಆ ಸ್ಥಳದಲ್ಲಿ ಬೀಳುವುದರಿಂದ ಅದರ ಆಸುಪಾಸಿನಲ್ಲಿ ಕತ್ತರಿಸುವುದಾಗಲಿ ಬೆಸೆಯುವುದಾಗಲಿ ಅಪಾಯಕಾರಿ. ಬೆಸುಗೆಯ ಶಾಖದಿಂದ ಕೊಳವೆಯ ಉಕ್ಕು ದುರ್ಬಲಗೊಂಡರೆ ಬಿರುಕು ಹೊರಗೆ ಕಾಣದಂತೆ ಬೆಳೆಯಬಲ್ಲದು.

ಮೂಲದ ಬೋಲ್ಟ್ ರಂಧ್ರಗಳನ್ನೇ ಬಳಸಿ ಆಸನವನ್ನು ಜೋಡಿಸಿದರೆ ಏನನ್ನೂ ಕತ್ತರಿಸಬೇಕಿಲ್ಲ. ಕಳಚಿದ ಭಾಗಗಳನ್ನು ಜೋಪಾನವಾಗಿ ಇಟ್ಟುಕೊಂಡರೆ ವಾಹನವನ್ನು ಮತ್ತೆ ಮೊದಲಿನ ರೂಪಕ್ಕೆ ತರಬಹುದು. ತಯಾರಿಕೆ ನಿಂತುಹೋಗಿರುವ ಜಾವಾ, ಯೆಜ್ದಿಗಳ ವಿಷಯದಲ್ಲಿ ಇದು ಮಹತ್ವದ ಸಂಗತಿ.

### ಚಕ್ರ ಮತ್ತು ಟೈರು

ಬಾಬರಿನ ಗುರುತಾದ ದಪ್ಪ ಟೈರುಗಳು ಚೈನಿಗಾಗಲಿ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗಾಗಲಿ ತಾಗದಷ್ಟು ಅಂತರವಿರಬೇಕು. ಚಕ್ರದ ಹೊರವ್ಯಾಸ ಬದಲಾದರೆ ವೇಗಮಾಪಕದ ಲೆಕ್ಕವೂ ತಪ್ಪುತ್ತದೆ. ಉದಾಹರಣೆಗೆ, 3.25 ಅಂಗುಲದ ಟೈರು ಹೊಂದಿದ 18 ಅಂಗುಲದ ರಿಮ್ಮಿನ ಹೊರವ್ಯಾಸ ಸುಮಾರು 24.5 ಅಂಗುಲ. ಅದೇ ಎತ್ತರದ ಟೈರನ್ನು 16 ಅಂಗುಲದ ರಿಮ್ಮಿಗೆ ಹಾಕಿದರೆ ಅದು 22.5 ಅಂಗುಲಕ್ಕೆ, ಅಂದರೆ ಶೇಕಡ 8ರಷ್ಟು ಇಳಿಯುತ್ತದೆ. ವೇಗಮಾಪಕಕ್ಕೆ ಚಾಲನೆ ನೀಡುವ ಚಕ್ರ ಇದಾಗಿದ್ದರೆ ಮುಳ್ಳು 50 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 46 ಕಿ.ಮೀ. ಇರುತ್ತದೆ. ಎರಡೂ ಚಕ್ರಗಳನ್ನು ಹೀಗೆ ಬದಲಿಸಿದರೆ ವಾಹನ ನೆಲಕ್ಕೆ ಒಂದು ಅಂಗುಲ ಹತ್ತಿರವಾಗಿ, ರಸ್ತೆ ಉಬ್ಬುಗಳಲ್ಲಿ ಸೈಲೆನ್ಸರ್ ಮತ್ತು ಕಾಲುಮೆಟ್ಟುಗಳು ತಗಲುವ ಸಂಭವ ಹೆಚ್ಚುತ್ತದೆ.

### ಸೈಲೆನ್ಸರ್

ಸೈಲೆನ್ಸರನ್ನು ಗಿಡ್ಡ ಮಾಡುವುದು ಕೇವಲ ಅಂದದ ಪ್ರಶ್ನೆಯಲ್ಲ. ಹಳೆಯ ಜಾವಾ, ಯೆಜ್ದಿ ಮತ್ತು ಆರ್‌ಎಕ್ಸ್ 100 ಇವೆಲ್ಲ ಟು-ಸ್ಟ್ರೋಕ್ ಎಂಜಿನ್ನಿನ ವಾಹನಗಳು. ಜಾವಾ 250ರ ಒಂದೇ ಸಿಲಿಂಡರಿಗೆ ಎರಡು ಹೊಗೆದ್ವಾರಗಳೂ ಎರಡು ಸೈಲೆನ್ಸರುಗಳೂ ಇರುತ್ತವೆ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವಾಗ ಅದರೊಂದಿಗೆ ಉರಿಯದ ಪೆಟ್ರೋಲ್ ಮಿಶ್ರಣವೂ ಸ್ವಲ್ಪ ಹೊರನುಗ್ಗುತ್ತದೆ. ಸೈಲೆನ್ಸರಿನ ಒಳಗಿನಿಂದ ಮರಳುವ ಒತ್ತಡದ ಅಲೆ ಇದರ ಒಂದು ಭಾಗವನ್ನು ಹಿಂದಕ್ಕೆ ತಳ್ಳುತ್ತದೆ. ಕೊಳವೆಯ ಉದ್ದ ಬದಲಾದರೆ ಅಲೆ ಮರಳುವ ಹೊತ್ತು ತಪ್ಪಿ, ಎಳೆಯುವ ಶಕ್ತಿ ಕುಗ್ಗಿ ಪೆಟ್ರೋಲ್ ಪೋಲಾಗಬಹುದು. ಜೊತೆಗೆ ಏರ್ ಫಿಲ್ಟರನ್ನೂ ತೆಗೆದುಹಾಕಿ ಕಾರ್ಬ್ಯುರೇಟರಿನ ಜೆಟ್ ಬದಲಿಸದೆ ಬಿಟ್ಟರೆ, ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಆಗ ಎಂಜಿನ್ ಅತಿಯಾಗಿ ಕಾಯ್ದು ಪಿಸ್ಟನ್ ಜಾಮ್ ಆಗುವ ಅಪಾಯವಿದೆ.

### ಹ್ಯಾಂಡಲ್, ಬ್ರೇಕು ಮತ್ತು ವಿದ್ಯುತ್

ಹ್ಯಾಂಡಲ್ ಅಗಲ ಅಥವಾ ಎತ್ತರವಾದರೆ ಕ್ಲಚ್, ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕಿನ ಕೇಬಲ್ಲುಗಳನ್ನು ಅದಕ್ಕೆ ತಕ್ಕ ಉದ್ದಕ್ಕೆ ಬದಲಿಸಬೇಕು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿಯಬಾರದು. ಹಳೆಯ ವಾಹನಗಳ ಡ್ರಮ್ ಬ್ರೇಕುಗಳು ಮೂಲದ ಟೈರಿನ ಅಳತೆಗೆ ತಕ್ಕಂತೆ ರೂಪಿಸಲ್ಪಟ್ಟವು. ಆದ್ದರಿಂದ ಚಕ್ರ ಬದಲಿಸಿದ ನಂತರ ನಿಲ್ಲುವ ದೂರವನ್ನು ಖಾಲಿ ಮೈದಾನದಲ್ಲಿ ಪರೀಕ್ಷಿಸುವುದು ಅವಶ್ಯ. ಹಳೆಯ ಜಾವಾಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಅದನ್ನು 12 ವೋಲ್ಟಿಗೆ ಬದಲಿಸುವಾಗ ಬಲ್ಬು, ಹಾರ್ನು, ಬ್ಯಾಟರಿಗಳನ್ನೂ ಬದಲಿಸಬೇಕಾಗುತ್ತದೆ. ಬ್ಯಾಟರಿಯನ್ನು ಆಸನದ ಕೆಳಗೆ ಅಡಗಿಸಿದಾಗ ಅದಕ್ಕೆ ಫ್ಯೂಸು ಮತ್ತು ಬಿಗಿಯಾದ ಪಟ್ಟಿ ಇರಲೇಬೇಕು.

## ಕಾನೂನು

ಮೋಟಾರು ವಾಹನ ಕಾಯಿದೆ, 1988ರ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ನೀಡಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿದು, ಇದಕ್ಕೆ ವಿರುದ್ಧವಾಗಿದ್ದ ಕೇರಳ ಉಚ್ಚ ನ್ಯಾಯಾಲಯದ ತೀರ್ಪನ್ನು ರದ್ದುಗೊಳಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಲ್ಲಿ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಬಾಬರಿಗೆ ನೇರವಾಗಿ ಸಂಬಂಧಿಸಿದ ಕೆಲವು ಅಂಶಗಳು:

* ಆಸನ: ನೋಂದಣಿ ಪತ್ರದಲ್ಲಿ ಆಸನಗಳ ಸಂಖ್ಯೆ ಎರಡೆಂದು ದಾಖಲಾಗಿರುವ ವಾಹನಕ್ಕೆ ಒಂಟಿ ಆಸನ ಹಾಕಿದರೆ ದಾಖಲೆಗೂ ವಾಹನಕ್ಕೂ ವ್ಯತ್ಯಾಸ ಉಂಟಾಗುತ್ತದೆ.
* ಸೀರೆ ಗಾರ್ಡ್: ಹಿಂಬದಿ ಸವಾರರಿಗೆ ಅವಕಾಶವಿರುವ ವಾಹನದಲ್ಲಿ ಕೈಹಿಡಿ, ಕಾಲುಮೆಟ್ಟು ಹಾಗೂ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹೇಳುತ್ತದೆ. ಸೀರೆ, ದುಪಟ್ಟಾಗಳು ಚಕ್ರಕ್ಕೆ ಸಿಲುಕದಿರಲೆಂಬುದು ಇದರ ಉದ್ದೇಶ.
* ಬಣ್ಣ: ವಾಹನದ ಬಣ್ಣವೂ ನೋಂದಣಿ ಪತ್ರದಲ್ಲಿ ದಾಖಲಾಗಿರುವುದರಿಂದ ಅದನ್ನು ಬದಲಿಸಿದಾಗ ನಮೂದಿಸಿಕೊಳ್ಳಬೇಕು.
* ನಂಬರ್ ಪ್ಲೇಟು: 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಕರ್ನಾಟಕ ಸರ್ಕಾರ ಕಡ್ಡಾಯಗೊಳಿಸಿದೆ. ಫಲಕವನ್ನು ಬಾಗಿಸುವುದು, ಚಕ್ರದ ಪಕ್ಕಕ್ಕೆ ಸರಿಸಿ ಓದಲಾಗದಂತೆ ಮಾಡುವುದು ಸಲ್ಲದು.

ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷ ಊರ್ಜಿತವಾಗಿದ್ದು, ಅನಂತರ ವಾಹನವನ್ನು ತಪಾಸಣೆಗೆ ಒಡ್ಡಿ ನವೀಕರಿಸಿಕೊಳ್ಳಬೇಕು. ಹಳೆಯ ವಾಹನಗಳ ಮಾರ್ಪಾಡು ಈ ಹಂತದಲ್ಲಿ ಬೆಳಕಿಗೆ ಬಂದು ನವೀಕರಣಕ್ಕೆ ತೊಡಕಾಗಬಲ್ಲದು. ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ (ಕೆಎ-11) ಮತ್ತು ನಾಗಮಂಗಲ (ಕೆಎ-54) ಸಾರಿಗೆ ಕಚೇರಿಗಳಿವೆ. ಕೆಲಸ ಪ್ರಾರಂಭಿಸುವ ಮೊದಲೇ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ಲಿಖಿತ ಅನುಮತಿ ಪಡೆಯುವುದು ಸುರಕ್ಷಿತ ಮಾರ್ಗ.

### ವಿಂಟೇಜ್ ಮಾನ್ಯತೆ

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಆದರೆ ಅವು ಮೂಲರೂಪದಲ್ಲಿರಬೇಕು. ಚಾಸಿ, ಹೊರಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. 1960ರ ದಶಕದ ಮೈಸೂರು ಜಾವಾಗಳು ವಯಸ್ಸಿನ ದೃಷ್ಟಿಯಿಂದ ಈ ಮಾನ್ಯತೆಗೆ ಅರ್ಹ. ಅವನ್ನು ಕತ್ತರಿಸಿ ಬಾಬರ್ ಮಾಡಿದರೆ ಆ ಅರ್ಹತೆ ಕೈತಪ್ಪುತ್ತದೆ.

## ಸ್ಥಳೀಯ ಬಳಕೆ ಮತ್ತು ಮಿತಿಗಳು

ಕಾವೇರಿ ಕಾಲುವೆಗಳ ನೀರಾವರಿಯ ಶ್ರೀರಂಗಪಟ್ಟಣ, ಪಾಂಡವಪುರಗಳ ಭತ್ತದ ಗದ್ದೆ ಮತ್ತು ಕಬ್ಬಿನ ತೋಟಗಳ ದಾರಿಗಳಲ್ಲಿ ಕೆಸರು ಸಾಮಾನ್ಯ. ಮುಂದಿನ ಮಡ್‌ಗಾರ್ಡ್ ಇಲ್ಲದ ವಾಹನದಲ್ಲಿ ಆ ಕೆಸರು ನೇರವಾಗಿ ಎಂಜಿನ್ನಿನ ಮೇಲೂ ಸವಾರರ ಮೈಮೇಲೂ ಎರಚುತ್ತದೆ. ಎಂಜಿನ್ನಿನ ತಂಪುಗೊಳಿಸುವ ರೆಕ್ಕೆಗಳಲ್ಲಿ ಕೆಸರು ಒಣಗಿ ನಿಂತರೆ ಶಾಖ ಹೊರಹೋಗಲು ಅಡ್ಡಿಯಾಗುತ್ತದೆ. ಹಳೆಯ ಜಾವಾದ ಚೈನು ಪೂರ್ತಿ ಮುಚ್ಚಿದ ಕವಚದೊಳಗೆ ಇರುತ್ತದೆ. ಅಂದಕ್ಕಾಗಿ ಈ ಕವಚವನ್ನು ತೆಗೆದರೆ ಚೈನು ಬೇಗನೆ ಸವೆಯುತ್ತದೆ.

ಈ ಭಾಗದಲ್ಲಿ ಮೋಟಾರ್‌ಸೈಕಲ್ ದುಡಿಮೆಯ ವಾಹನವೂ ಹೌದು. ಡೈರಿಗೆ ಹಾಲಿನ ಕ್ಯಾನು, ಕೊಟ್ಟಿಗೆಗೆ ಮೇವಿನ ಹೊರೆ, ಸಂತೆಗೆ ತರಕಾರಿ ಮೂಟೆ ಇವೆಲ್ಲ ಹಿಂದಿನ ಆಸನದ ಮೇಲೆಯೇ ಸಾಗುತ್ತವೆ. ಹಿಂಬದಿಯ ಆಸನವನ್ನು ತೆಗೆದಾಗ ಈ ಉಪಯೋಗವೂ ಇಲ್ಲವಾಗುತ್ತದೆ. ಮನೆಯಲ್ಲಿರುವುದು ಒಂದೇ ವಾಹನವಾದರೆ ಇದು ಸಣ್ಣ ನಷ್ಟವಲ್ಲ.

ಬೆಂಗಳೂರು–ಮೈಸೂರು ದ್ರುತಗತಿ ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿದ್ದು, ಸವಾರರು ಸರ್ವಿಸ್ ರಸ್ತೆಗಳನ್ನು ಬಳಸಬೇಕು. ಮೇಲುಕೋಟೆಯ ಬೆಟ್ಟದ ತಿರುವುಗಳಲ್ಲಿ, ತಗ್ಗಿಸಿದ ಬಾಬರ್ ವಾಹನಗಳು ಹೆಚ್ಚು ವಾಲಿದಾಗ ಕಾಲುಮೆಟ್ಟು ನೆಲಕ್ಕೆ ತಾಗುವ ಸಾಧ್ಯತೆಯನ್ನು ಗಮನದಲ್ಲಿಡಬೇಕು.

## ಕಾರ್ಖಾನೆಯಲ್ಲೇ ತಯಾರಾದ ಬಾಬರುಗಳು

ಈ ಶೈಲಿಯ ಜನಪ್ರಿಯತೆಯಿಂದಾಗಿ ಕಂಪನಿಗಳೇ ಬಾಬರುಗಳನ್ನು ತಯಾರಿಸಿ ಮಾರತೊಡಗಿದವು. ಬ್ರಿಟನ್ನಿನ ಟ್ರಯಂಫ್ ಕಂಪನಿ 2016ರಲ್ಲಿ ಬಾನವಿಲ್ ಬಾಬರನ್ನು ಪ್ರಕಟಿಸಿತು. ಭಾರತದಲ್ಲಿ ಜಾವಾ ಹೆಸರನ್ನು ಮರಳಿ ತಂದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯು 2018ರ ನವೆಂಬರಿನಲ್ಲಿ ಒಂಟಿ ಆಸನದ ಜಾವಾ ಪೆರಾಕ್ ಮಾದರಿಯನ್ನು ಪ್ರದರ್ಶಿಸಿ, 2019ರಲ್ಲಿ ಬಿಡುಗಡೆ ಮಾಡಿತು. 2022ರ ಸೆಪ್ಟೆಂಬರಿನಲ್ಲಿ ಜಾವಾ 42 ಬಾಬರ್ ಬಂದಿತು. ಇವು ಮೈಸೂರಿನಲ್ಲಿ ಅಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುತ್ತವೆ. ಇಂತಹ ವಾಹನಗಳು ಬಾಬರ್ ರೂಪದಲ್ಲಿಯೇ ಸರ್ಕಾರದ ಅನುಮೋದನೆ ಪಡೆದು ನೋಂದಣಿಯಾಗುವುದರಿಂದ ಇವುಗಳಿಗೆ 52ನೆಯ ಪ್ರಕರಣದ ತೊಡಕು ಎದುರಾಗುವುದಿಲ್ಲ.

## ಇವನ್ನೂ ನೋಡಿ

* ಐಡಿಯಲ್ ಜಾವಾ
* ಯೆಜ್ದಿ
* ಟು-ಸ್ಟ್ರೋಕ್ ಎಂಜಿನ್
* ಮಂಡ್ಯ ಜಿಲ್ಲೆ