ಎರಡು ಪಾಳಿಗಳ ನಡುವೆ ಕಳೆದುಹೋದ ಮಾತು

1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಬಳಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್‌ನ ಪುಟ್ಟ ಎಂಬ್ರೇರ್ ವಿಮಾನವೊಂದು ಆಕಾಶದಲ್ಲೇ ಮುರಿದುಬಿತ್ತು. ಒಳಗಿದ್ದ 14 ಮಂದಿಯೂ ಸತ್ತರು. ಬಾಲದ ಅಡ್ಡರೆಕ್ಕೆಯ ಎಡಬದಿಯಲ್ಲಿ ಇರಬೇಕಿದ್ದ 47 ಸ್ಕ್ರೂಗಳು ಇರಲಿಲ್ಲ. ಹಿಂದಿನ ರಾತ್ರಿ ಹ್ಯಾಂಗರ್‌ನಲ್ಲಿ ಅಡ್ಡರೆಕ್ಕೆಯ ಅಂಚಿಗೆ ಹಿಮ ಕಟ್ಟದಂತೆ ತಡೆಯುವ ರಬ್ಬರ್ ಹೊದಿಕೆ ಬದಲಿಸುವ ಕೆಲಸ ನಡೆದಿತ್ತು. ಸಂಜೆ ಪಾಳಿಯವರು ಎರಡೂ ಬದಿಯ ಮೇಲ್ಭಾಗದ ಸ್ಕ್ರೂ ಬಿಚ್ಚಿ ಮನೆಗೆ ಹೋದರು. ರಾತ್ರಿ ಪಾಳಿಯವರು ಬಲಬದಿಯನ್ನಷ್ಟೇ ಮುಗಿಸಿದರು. ಎಡಬದಿಯನ್ನೂ ಬಿಚ್ಚಿದೆ ಎಂದು ಕೆಲಸದ ಕಾರ್ಡಿನಲ್ಲಿ ಯಾರೂ ಬರೆದಿರಲಿಲ್ಲ. ಬಾಯಲ್ಲಿ ಹೇಳಿದ್ದು ಆ ಕೆಲಸ ಹಿಡಿದವನ ಕಿವಿಗೆ ತಲುಪಲಿಲ್ಲ. ಬಾಲ ನೆಲದಿಂದ ಸುಮಾರು 20 ಅಡಿ ಮೇಲಿದ್ದುದರಿಂದ ಬೆಳಿಗ್ಗೆ ಪೈಲಟ್‌ಗಳಿಗೂ ಅದು ಕಾಣುವಂತಿರಲಿಲ್ಲ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಮೆಕ್ಯಾನಿಕ್‌ಗಳು, ಇನ್‌ಸ್ಪೆಕ್ಟರುಗಳು ವಿಧಾನ ಪಾಲಿಸಲಿಲ್ಲವೆಂದು ಬರೆಯಿತು. ಸದಸ್ಯ ಜಾನ್ ಲಾಬರ್ ಅಷ್ಟಕ್ಕೇ ಒಪ್ಪಲಿಲ್ಲ. ವಿಧಾನ ಪಾಲಿಸುವುದನ್ನು ರೂಢಿಯಾಗಿಸದ ಆಡಳಿತವೂ ಅಪಘಾತದ ಕಾರಣವೇ ಎಂದು ಅವರು ಭಿನ್ನಮತ ದಾಖಲಿಸಿದರು. ಲಾಬರ್ ಮನಶ್ಶಾಸ್ತ್ರಜ್ಞರು, ನಾಸಾದಲ್ಲಿದ್ದಾಗ ಕಾಕ್‌ಪಿಟ್ ಸಿಬ್ಬಂದಿ ಪರಸ್ಪರ ಮಾತಾಡುವುದನ್ನು ಕಲಿಸುವ ತರಬೇತಿಗೆ ತಳಪಾಯ ಹಾಕಿದವರಲ್ಲಿ ಒಬ್ಬರು. ಪೈಲಟ್‌ಗಳಿಗೆ ಆ ತರಬೇತಿ ಬಂದು ಹತ್ತು ವರ್ಷಗಳಾಗಿದ್ದವು. ಹ್ಯಾಂಗರ್‌ಗೆ ಅದು ಆಗತಾನೇ ಕಾಲಿಡುತ್ತಿತ್ತು.

ವಿಮಾನ ದುರಸ್ತಿಯಲ್ಲಿ ಮನುಷ್ಯನ ಪಾಲೇನು ಎಂದು ಕೇಳುವ ಶಾಸ್ತ್ರಕ್ಕೆ ಈಗ ಸುಮಾರು ಮೂವತ್ತೈದು ವರ್ಷ. ಒತ್ತಡ ಎಲ್ಲಿ ಹುಟ್ಟುತ್ತದೆ, ಮಾತು ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಅದು ಬಹಳ ಬೇಗ ಉತ್ತರ ಕಂಡುಕೊಂಡಿತು. ಆದರೆ ಆ ಉತ್ತರವನ್ನು ಬಹುಕಾಲ ತಪ್ಪು ವಿಳಾಸಕ್ಕೆ ಕಳಿಸುತ್ತ ಬಂತು ಎಂಬುದು ನನ್ನ ಅಭಿಪ್ರಾಯ.

ಸುಳಿವುಗಳು ಆ ಶಾಸ್ತ್ರ ಹುಟ್ಟುವ ಮೊದಲೇ ಇದ್ದವು. 1979ರ ಮೇ 25ರಂದು ಷಿಕಾಗೋದಲ್ಲಿ ಮೇಲೇರುತ್ತಿದ್ದ ಅಮೆರಿಕನ್ ಏರ್‌ಲೈನ್ಸ್ ಡಿಸಿ-10ರ ಎಡ ಎಂಜಿನ್ ಕಳಚಿಬಿದ್ದು, ನೆಲದ ಮೇಲಿದ್ದ ಇಬ್ಬರೂ ಸೇರಿ 273 ಮಂದಿ ಸತ್ತರು. ಎಂಜಿನ್ನನ್ನೂ ಅದನ್ನು ರೆಕ್ಕೆಗೆ ಹಿಡಿದಿಡುವ ಪೈಲಾನನ್ನೂ ಬೇರೆಬೇರೆಯಾಗಿ ಇಳಿಸಬೇಕೆಂದು ತಯಾರಕರ ಕೈಪಿಡಿ ಹೇಳಿತ್ತು. ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್ ಮೇಲೆ ಇಳಿಸಿದರೆ ಒಂದು ವಿಮಾನಕ್ಕೆ ಸುಮಾರು 200 ಮಾನವ-ಗಂಟೆಗಳು ಉಳಿಯುತ್ತಿದ್ದವು. ಹಾಗೆ ಇಳಿಸುವಾಗಲೇ ಪೈಲಾನ್ ಬಿರುಕುಬಿಟ್ಟಿತ್ತು. 1983ರಲ್ಲಿ ಮಯಾಮಿಯಿಂದ ನಾಸೌಗೆ ಹೊರಟ ಈಸ್ಟರ್ನ್ ವಿಮಾನದ ಮೂರೂ ಎಂಜಿನ್‌ಗಳು ಎಣ್ಣೆ ಸೋರಿ ನಿಂತವು. ಎಣ್ಣೆಯಲ್ಲಿ ಲೋಹದ ಚೂರು ಇದೆಯೇ ಎಂದು ನೋಡುವ ಪ್ಲಗ್‌ಗಳಿಗೆ ರಬ್ಬರ್ ಉಂಗುರ ಹಾಕಿರಲಿಲ್ಲ. ಉಂಗುರ ಕೂಡಿಸಿದ ಪ್ಲಗ್‌ಗಳನ್ನೇ ತೆಗೆದುಕೊಂಡು ರೂಢಿಯಾಗಿದ್ದವರಿಗೆ ಅಂದು ಅವು ಇಲ್ಲದ್ದು ತಿಳಿಯಲಿಲ್ಲ, ಆದರೂ ಸಹಿ ಬಿತ್ತು. ಸಮುದ್ರದಿಂದ ಸುಮಾರು 4,000 ಅಡಿ ಮೇಲಿದ್ದಾಗ ಒಂದು ಎಂಜಿನ್ ಮತ್ತೆ ಹತ್ತಿಕೊಂಡಿದ್ದರಿಂದ ಎಲ್ಲರೂ ಉಳಿದರು. ಒಬ್ಬರೇ ಎಲ್ಲ ಎಂಜಿನ್‌ಗಳ ಮೇಲೂ ಅದೇ ಕೆಲಸ ಮಾಡಬಾರದೆಂಬ ವಿವೇಕ ಇಂಥ ಘಟನೆಗಳಿಂದ ಬಂತು. ಆದರೂ 1995ರಲ್ಲಿ ಇಂಗ್ಲೆಂಡಿನ ಡ್ಯಾವೆಂಟ್ರಿ ಬಳಿ ಬ್ರಿಟಿಷ್ ಮಿಡ್‌ಲ್ಯಾಂಡ್‌ನ 737 ಒಂದರ ಎರಡೂ ಎಂಜಿನ್‌ಗಳು ಎಣ್ಣೆ ಕಳೆದುಕೊಂಡವು. ಒಬ್ಬ ಎಂಜಿನಿಯರ್ ಶುರು ಮಾಡಿ ಬಾಯ್ಮಾತಿನಲ್ಲಿ ಒಪ್ಪಿಸಿದ ಕೆಲಸವನ್ನು ಇನ್ನೊಬ್ಬರು ಹಲವು ಅಡಚಣೆಗಳ ನಡುವೆ ಮುಗಿಸಿದ್ದರು. ಎರಡೂ ಎಂಜಿನ್‌ಗಳ ಒಂದೊಂದು ಮುಚ್ಚಳ ಮರಳಿ ಕೂತಿರಲಿಲ್ಲ.

ಶಾಸ್ತ್ರ ನಿಜವಾಗಿ ಹುಟ್ಟಿದ್ದು 1988ರಿಂದ 1993ರ ನಡುವೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ 737ರ ಮೇಲ್ಛಾವಣಿ 24,000 ಅಡಿ ಎತ್ತರದಲ್ಲಿ ಕಿತ್ತುಹೋಗಿ ಒಬ್ಬ ಗಗನಸಖಿ ಸತ್ತರು. ಆ ವಿಮಾನ 89,680 ಬಾರಿ ಹಾರಿತ್ತು. ಬಿರುಕು ಹುಡುಕುವ ಕೆಲಸವನ್ನು ಇನ್‌ಸ್ಪೆಕ್ಟರುಗಳು ಮಾಡುತ್ತಿದ್ದುದು ರಾತ್ರಿ; ಸಾವಿರಾರು ರಿವೆಟ್‌ಗಳನ್ನು ಒಂದೊಂದಾಗಿ ನೋಡಬೇಕಿತ್ತು. ಅಷ್ಟು ಹೊತ್ತು ಅಷ್ಟೊಂದು ರಿವೆಟ್ ನೋಡುವ ಕಣ್ಣು ಸುಸ್ತಾಗುತ್ತದೆ ಎಂಬ ಸರಳ ಸತ್ಯಕ್ಕೆ ಅಮೆರಿಕ ಸರ್ಕಾರ ಸಂಶೋಧನೆಯ ಹಣ ಕೊಟ್ಟಿದ್ದು ಇದರ ನಂತರ.

ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರದ ಅತ್ಯಂತ ಕಲಿಸುವ ಘಟನೆ 1990ರ ಜೂನ್ 10ರದು. ಬರ್ಮಿಂಗ್‌ಹ್ಯಾಮ್‌ನಿಂದ ಮಲಾಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು 17,300 ಅಡಿಯಲ್ಲಿ ಹಾರಿಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ನೇತಾಡಿದರು. ಸಿಬ್ಬಂದಿ ಕಾಲು ಹಿಡಿದುಕೊಂಡೇ ಇದ್ದರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು. ಗಾಜು ಹಿಡಿದ 90 ಬೋಲ್ಟ್‌ಗಳಲ್ಲಿ 84 ಅಗತ್ಯಕ್ಕಿಂತ ತೆಳ್ಳಗಿದ್ದವು, ಉಳಿದ 6 ಗಿಡ್ಡ. ಗಾಜು ಬದಲಿಸಿದವರು ಹೊಸಬರಲ್ಲ, ರಾತ್ರಿ ಪಾಳಿಯ ಮ್ಯಾನೇಜರರೇ. ಜನ ಕಡಿಮೆಯಿದ್ದುದರಿಂದ ತಾವೇ ಕೈಹಾಕಿ, ಬೆಳಗಿನ ಜಾವದಲ್ಲಿ ಕೆಲಸ ಮುಗಿಸಿದ್ದರು. ಈ ಗಾಜಿಗೆ ಯಾವ ಬೋಲ್ಟ್ ಬೇಕೆಂದು ಸ್ಟೋರ್ ಕೀಪರ್ ಹೇಳಿದ್ದರು. ಮ್ಯಾನೇಜರ್ ಅದನ್ನು ಬಿಟ್ಟು ಹಳೆಯ ಬೋಲ್ಟ್ ಕೈಯಲ್ಲಿ ಹಿಡಿದು, ಮಂದ ಬೆಳಕಿನಲ್ಲಿ ಹೋಲಿಸಿ ಆರಿಸಿಕೊಂಡರು. ಗೊತ್ತಿದ್ದವರು ಹೇಳಿದರೂ ಹೇಳಿದವರ ಸ್ಥಾನ ಕಿರಿದಾದ್ದರಿಂದ ಮಾತಿಗೆ ತೂಕ ಬರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಕೆಲಸವನ್ನು ಇನ್ನೊಬ್ಬರು ನೋಡಬೇಕೆಂಬ ನಿಯಮವೂ ಮುಂಗಾಜಿಗೆ ಅನ್ವಯವಾಗುತ್ತಿರಲಿಲ್ಲ.

ಈ ನಡುವೆ ಕೆನಡಾದ ಡ್ರೈಡೆನ್‌ನಲ್ಲಿ 1989ರ ಮಾರ್ಚ್ 10ರಂದು ರೆಕ್ಕೆಯ ಮೇಲೆ ಮಂಜು ಹೊತ್ತೇ ಏರಹೋದ ಏರ್ ಒಂಟಾರಿಯೋ ವಿಮಾನ ಬಿದ್ದು 24 ಮಂದಿ ಸತ್ತಿದ್ದರು. ಮೇಲ್ನೋಟಕ್ಕೆ ಅದು ಪೈಲಟ್‌ನ ತಪ್ಪು. ಆದರೆ ಸಹಾಯಕ ಎಂಜಿನ್ ಕೆಟ್ಟಿದ್ದರೂ ದುರಸ್ತಿ ಮುಂದೂಡಿ ವಿಮಾನ ಹಾರಿಸಲಾಗಿತ್ತು. ಡ್ರೈಡೆನ್‌ನಲ್ಲಿ ಎಂಜಿನ್ ಆರಿಸಿದರೆ ಮತ್ತೆ ಹಚ್ಚುವ ಸಲಕರಣೆ ಇರಲಿಲ್ಲ, ಎಂಜಿನ್ ಓಡುತ್ತಿರುವಾಗ ಮಂಜು ತೆಗೆಯುವಂತಿರಲಿಲ್ಲ. ನ್ಯಾಯಾಧೀಶ ವರ್ಜಿಲ್ ಮೊಶಾನ್‌ಸ್ಕಿ ಅವರ ಆಯೋಗ ಇಡೀ ವಿಮಾನಯಾನ ವ್ಯವಸ್ಥೆಯನ್ನೇ ಸಾಕ್ಷಿಕಟ್ಟೆಗೆ ಕರೆಯಿತು. ಅದರ ಬೆನ್ನಿಗೆ, 1993ರಲ್ಲಿ, ಟ್ರಾನ್ಸ್‌ಪೋರ್ಟ್ ಕೆನಡಾದ ಗಾರ್ಡನ್ ಡುಪಾಂಟ್ ‘ಡರ್ಟಿ ಡಜನ್’ ಪಟ್ಟಿ ಮಾಡಿದರು. ಸಂವಹನದ ಕೊರತೆ, ಆಯಾಸ, ಒತ್ತಡ, ಗಟ್ಟಿಯಾಗಿ ಹೇಳಲಾಗದ ಸಂಕೋಚ, ‘ಇಲ್ಲಿ ಹೀಗೇ ನಡೆಯುತ್ತದೆ’ ಎಂಬ ರೂಢಿ ಮುಂತಾಗಿ ಹನ್ನೆರಡು ಶತ್ರುಗಳು ಅದರಲ್ಲಿದ್ದವು. ಪಟ್ಟಿ ಪೋಸ್ಟರುಗಳಾಗಿ ಹ್ಯಾಂಗರ್ ಗೋಡೆಗಳನ್ನು ತುಂಬಿತು. ಇಂದು ಬೆಂಗಳೂರಿನ ಯಾವ ವಿಮಾನ ದುರಸ್ತಿ (ಎ.ಎಂ.ಇ.) ಕಾಲೇಜಿಗೆ ಹೋದರೂ ಹುಡುಗರು ಅದನ್ನು ಒಪ್ಪಿಸಬಲ್ಲರು. ಡಿಜಿಸಿಎ ಲೈಸೆನ್ಸ್ ಪರೀಕ್ಷೆಯಲ್ಲಿ ಒಂಬತ್ತನೆಯ ಮಾಡ್ಯೂಲ್ ಅದೇ ವಿಷಯದ್ದು.

ಪಟ್ಟಿಯ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನು ಯಾರು ಓದಬೇಕೆಂದು ತೂಗುಹಾಕಿದರೋ ಅದರ ಬಗ್ಗೆ. ‘ಒತ್ತಡಕ್ಕೆ ಬಗ್ಗಬೇಡ’ ಎಂದು ಮೆಕ್ಯಾನಿಕ್‌ಗೆ ಬರೆದ ಗೋಡೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಪ್ಲ್ಯಾನಿಂಗ್ ಕಚೇರಿ ಇರುತ್ತದೆ. ಬೆಳಿಗ್ಗೆ ಆರಕ್ಕೆ ವಿಮಾನ ಗೇಟಿನಲ್ಲಿ ಇರಬೇಕೆಂದು ನಿರ್ಧರಿಸುವುದು ಅಲ್ಲಿ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇದನ್ನು ಸ್ಪಷ್ಟವಾಗಿಯೇ ಹೇಳಿದ್ದರು. ಕೈ ಮಾಡುವ ತಪ್ಪು ಕೊನೆಯದು. ಅದಕ್ಕೆ ದಾರಿ ಮಾಡಿಕೊಡುವ ತೀರ್ಮಾನಗಳು ತಿಂಗಳುಗಳ ಮೊದಲು, ಬೇರೆ ಕೋಣೆಯಲ್ಲಿ ಆಗಿರುತ್ತವೆ. 1990ರ ದಶಕದ ನಡುವೆ ಬೋಯಿಂಗ್ ತಂದ ‘ಮೀಡಾ’ ಎಂಬ ತನಿಖಾ ನಮೂನೆಯೂ ಇದೇ ಜಾಡಿನದು. ಯಾರು ತಪ್ಪು ಮಾಡಿದರು ಎಂಬಲ್ಲಿಗೆ ಅದು ನಿಲ್ಲುವುದಿಲ್ಲ. ಬೆಳಕು, ಸಲಕರಣೆ, ಸಮಯ, ಕೈಪಿಡಿಯ ಭಾಷೆ ಹೇಗಿದ್ದವೆಂದು ಕೇಳುತ್ತದೆ.

ಒತ್ತಡಕ್ಕೆ ಬೆಲೆಪಟ್ಟಿಯೂ ಇರುತ್ತದೆ ಎಂದು ತೋರಿಸಿದ್ದು 1996ರ ಮೇ 11ರ ವ್ಯಾಲ್ಯೂಜೆಟ್ ಅಪಘಾತ. ಸರಕಿನ ಕೋಣೆಯಲ್ಲಿ ಸಾಗಿಸುತ್ತಿದ್ದ ಹಳೆಯ ಆಮ್ಲಜನಕ ಉತ್ಪಾದಕಗಳು ಬೆಂಕಿ ಹತ್ತಿಸಿ, 110 ಮಂದಿ ಫ್ಲಾರಿಡಾದ ಜವುಗಿನಲ್ಲಿ ಸತ್ತರು. ಅವುಗಳಿಗೆ ಪ್ಲಾಸ್ಟಿಕ್ ಸುರಕ್ಷಾ ಟೋಪಿ ಹಾಕಿದ್ದೇವೆಂದು ಗುತ್ತಿಗೆ ಕಂಪನಿ ಸೇಬರ್‌ಟೆಕ್‌ನ ಮೆಕ್ಯಾನಿಕ್‌ಗಳು ಸಹಿ ಮಾಡಿದ್ದರು. ಟೋಪಿಗಳು ಅಲ್ಲಿ ಇರಲೇ ಇಲ್ಲ. ಸಾಗಣೆ ಚೀಟಿಯಲ್ಲಿ ಅವು ಖಾಲಿ ಎಂದು ಬರೆದಿತ್ತು, ಖಾಲಿಯಾಗಿರಲಿಲ್ಲ. ತಡವಾದ ಪ್ರತಿ ವಿಮಾನಕ್ಕೆ ದಿನಕ್ಕೆ 2,500 ಡಾಲರ್ ಬಿಟ್ಟುಕೊಡುವ ಕರಾರಿಗೆ ಕಂಪನಿ ಒಪ್ಪಿತ್ತು. ಸುಳ್ಳು ಸಹಿಯನ್ನು ಆ ಕರಾರಿನಿಂದ ಬೇರ್ಪಡಿಸಿ ನೋಡುವುದು ನನಗೆ ಕಷ್ಟ.

ನಾಲ್ಕು ವರ್ಷಗಳ ನಂತರ, 2000ದ ಜನವರಿ 31ರಂದು, ಅಲಾಸ್ಕಾ ಏರ್‌ಲೈನ್ಸ್ ಎಂಡಿ-83 ಒಂದು 88 ಮಂದಿಯೊಂದಿಗೆ ಪೆಸಿಫಿಕ್‌ಗೆ ಬಿತ್ತು. ಬಾಲದ ಅಡ್ಡರೆಕ್ಕೆಯನ್ನು ಮೇಲೆಕೆಳಗೆ ಹೊರಳಿಸುವ ಜಾಕ್‌ಸ್ಕ್ರೂಗೆ ಸಾಕಷ್ಟು ಗ್ರೀಸ್ ಇಲ್ಲದೆ ನಟ್ಟಿನ ತಿರುಪುಗಳು ಸವೆದುಹೋಗಿದ್ದವು. 1997ರಲ್ಲಿ ಒಂದು ಪಾಳಿ ಅದರ ಸಡಿಲವನ್ನು ಅಳೆದಾಗ ಮಿತಿಯಂಚಿನ 0.040 ಇಂಚು ಬಂದು, ನಟ್ ಬದಲಿಸಬೇಕೆಂದು ಬರೆದಿತ್ತು. ಆಮೇಲಿನ ಪಾಳಿ ಮತ್ತೆ ಅಳೆದು 0.033 ಎಂದು ಬರೆದು ವಿಮಾನ ಬಿಟ್ಟುಕೊಟ್ಟಿತು. ಗ್ರೀಸ್ ಹಚ್ಚುವ ಅವಧಿಯನ್ನೂ ತಪಾಸಣೆಯ ಅವಧಿಯನ್ನೂ ಕಂಪನಿ ಉದ್ದ ಮಾಡುತ್ತ ಬಂದಿತ್ತು, ನಿಯಂತ್ರಕರು ಒಪ್ಪುತ್ತ ಬಂದಿದ್ದರು.

ಭಾಷೆಯ ಕಡೆಯ ಸುಧಾರಣೆ ಇದಕ್ಕೆ ಸಮಾನಾಂತರವಾಗಿ ನಡೆಯಿತು. 1986ರಲ್ಲಿ ಯುರೋಪಿನ ವಿಮಾನ ಉದ್ಯಮ ಕೈಪಿಡಿಗಳಿಗಾಗಿ ಸರಳ ಇಂಗ್ಲಿಷ್‌ನ ನಿಯಮ ತಂದಿತು. ಸುಮಾರು 900 ಪದಗಳಷ್ಟೇ, ಸೂಚನೆಯ ವಾಕ್ಯ 20 ಪದ ಮೀರಬಾರದು. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತು ಬಂದ ನಮ್ಮಂಥವರಿಗೆ ಇದು ಉಪಕಾರವೇ. ಆದರೆ ಅದು ಬದಲಿಸಿದ್ದು ಕೈಪಿಡಿಯನ್ನು. ಪಾಳಿ ಮುಗಿಸಿ ಹೊರಡುವವರು ಗೀಚಿಡುವ ನಾಲ್ಕು ಸಾಲಿಗೆ, ಎಂಜಿನ್ ಗದ್ದಲದಲ್ಲಿ ಮಾಡುವ ಕೈಸನ್ನೆಗೆ ಅದರ ಕೈ ಚಾಚಲಿಲ್ಲ. 2015ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಏರ್ ಇಂಡಿಯಾ ಎಂಜಿನ್ ಒಂದು ನೆಲದ ಸಿಬ್ಬಂದಿಯೊಬ್ಬರನ್ನು ಒಳಗೆಳೆದುಕೊಂಡಾಗ, ಸನ್ನೆಯೊಂದನ್ನು ಕಾಕ್‌ಪಿಟ್‌ನಲ್ಲಿ ತಪ್ಪಾಗಿ ತಿಳಿದದ್ದೇ ಕಾರಣವೆಂದು ವರದಿಯಾಯಿತು.

ನಿಯಮಗಳ ಮಟ್ಟಿಗೆ ಯುರೋಪ್ ಮುಂದೆ ನಡೆದಿದೆ. ಕೆಲಸ ಹಂಚುವಾಗ ಮನುಷ್ಯನ ಮಿತಿಯನ್ನು ಲೆಕ್ಕಕ್ಕೆ ಹಿಡಿಯಬೇಕು, ಪಾಳಿ ಬದಲಾಗುವಾಗ ಮಾಹಿತಿ ಸರಿಯಾಗಿ ಒಪ್ಪಿಸಬೇಕು ಎಂಬ ಹೊಣೆಯನ್ನು ಅದು ದುರಸ್ತಿ ಸಂಸ್ಥೆಯ ಮೇಲೆ ಹಾಕಿದೆ. ಭಾರತದ ಸಿಎಆರ್-145 ನಿಯಮಾವಳಿಯೂ ಬಹುಮಟ್ಟಿಗೆ ಅದೇ ಅಚ್ಚಿನದು. 2022ರ ಡಿಸೆಂಬರ್‌ನಿಂದ ಸುರಕ್ಷತಾ ನಿರ್ವಹಣೆಯ ಪೂರ್ಣ ವ್ಯವಸ್ಥೆಯನ್ನೂ ಯುರೋಪ್ ಕಡ್ಡಾಯ ಮಾಡಿ, ಸಂಸ್ಥೆಗಳಿಗೆ ಎರಡು ವರ್ಷದ ಗಡುವು ಕೊಟ್ಟಿತು.

ಆದರೆ 2024ರ ಜನವರಿ 5ರಂದು, ಪೋರ್ಟ್‌ಲ್ಯಾಂಡ್‌ನಿಂದ ಏರಿದ ಅಲಾಸ್ಕಾ ಏರ್‌ಲೈನ್ಸ್‌ನ ಹೊಚ್ಚಹೊಸ 737 ಮ್ಯಾಕ್ಸ್‌ನಲ್ಲಿ ಬಾಗಿಲಿನ ಜಾಗ ಮುಚ್ಚಿದ್ದ ತುಂಡು ಹಾರಿಹೋಯಿತು. ಅದನ್ನು ಹಿಡಿಯಬೇಕಿದ್ದ ನಾಲ್ಕು ಬೋಲ್ಟ್‌ಗಳು ಇರಲಿಲ್ಲ. ರಿವೆಟ್ ಸರಿಪಡಿಸಲು ಕಾರ್ಖಾನೆಯಲ್ಲೇ ಆ ತುಂಡನ್ನು ತೆಗೆದಿದ್ದರು. ತೆಗೆದದ್ದಕ್ಕೆ ದಾಖಲೆಯಿರಲಿಲ್ಲ, ಹಾಗಾಗಿ ಬೋಲ್ಟ್ ಹಾಕಿದೆಯೇ ಎಂದು ಯಾರೂ ನೋಡಲಿಲ್ಲ. ಬೋಲ್ಟ್ ಇಲ್ಲದ ಜಾಗದ ಫೋಟೋ ಮಾತ್ರ ಕೆಲಸಗಾರರ ಸಂದೇಶಗಳ ನಡುವೆ ಓಡಾಡಿತ್ತು. 177 ಮಂದಿಯೂ ಉಳಿದದ್ದು ಅದೃಷ್ಟ. 2025ರ ತನಿಖಾ ವರದಿ ಕಾರಣವನ್ನು ಮೆಕ್ಯಾನಿಕ್‌ನ ಹೆಸರಿಗೆ ಕಟ್ಟಲಿಲ್ಲ. ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಕೊಡದ ಬೋಯಿಂಗ್ ಆಡಳಿತವನ್ನೇ ಕಾರಣವೆಂದಿತು. ಈ ಬದಲಾವಣೆ ಸಣ್ಣದಲ್ಲ.

ಅಮೆರಿಕದಲ್ಲಿ ಆಡಳಿತಕ್ಕೆ ನೇರವಾಗಿ ತಟ್ಟುವ ಒಂದು ನಿಯಮ ಮಾತ್ರ ಹಾಗೇ ಉಳಿದಿದೆ, ಅದು ಕೆಲಸದ ಗಂಟೆಗಳದು. ಪೈಲಟ್‌ಗಳ ಹಾರಾಟ, ವಿಶ್ರಾಂತಿಯ ಲೆಕ್ಕವನ್ನು ಅಲ್ಲಿ 2014ರಿಂದ ನಿದ್ದೆಯ ವಿಜ್ಞಾನವನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆದಿದ್ದಾರೆ. ವಿಮಾನ ಕಂಪನಿಯ ಮೆಕ್ಯಾನಿಕ್‌ಗೆ ಇರುವುದು ಒಂದೇ ವಾಕ್ಯ: ಏಳು ದಿನಕ್ಕೊಮ್ಮೆ 24 ಗಂಟೆ ಬಿಡುವು, ಅಥವಾ ತಿಂಗಳಿಗೆ ಅಷ್ಟೇ ಲೆಕ್ಕದ್ದು. ಕೊನೆಯ ಆ ನಾಲ್ಕು ಪದಗಳಿಂದ, ತಿಂಗಳ ರಜೆಯನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ 26 ದಿನ ಒಂದೇ ಸಮನೆ ದುಡಿಸಬಹುದು. ದಿನಕ್ಕೆ ಎಷ್ಟು ಗಂಟೆ ಎಂಬ ಮಿತಿ ಆ ವಾಕ್ಯದಲ್ಲಿಲ್ಲ.