ಬೆನ್ನುಹುರಿಗೆ ಪೆಟ್ಟಾದವರ ತಲೆಸಿಡಿತ: ಮಲಗಿಸುವುದೇ ಅಪಾಯ

ಬೆನ್ನುಹುರಿಗೆ ಪೆಟ್ಟಾಗಿ ದೇಹದ ಸ್ವಾಧೀನ ಕಳೆದುಕೊಂಡವರಿಗೆ ಹಠಾತ್ತನೆ ತಲೆ ಸಿಡಿಯತೊಡಗಿ, ಮುಖ ಕೆಂಪೇರಿ ಬೆವರಿದರೆ ಮನೆಯವರು ಮೊದಲು ಮಾಡುವ ಕೆಲಸ ಮಲಗಿಸುವುದು. ಮಾಡಬಾರದ್ದೂ ಅದೇ.

ಎದೆಭಾಗದ ಆರನೆಯ ಬೆನ್ನುಹುರಿ ಖಂಡ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರನ್ನು ಹೆಚ್ಚಾಗಿ ಕಾಡುವ ಈ ಸ್ಥಿತಿಗೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದು ಹೆಸರು. ತುಂಬಿ ಬಿಗಿದ ಮೂತ್ರಕೋಶವೇ ಇದಕ್ಕೆ ಮುಖ್ಯ ಕಾರಣ. ಆ ಬಿಗಿತ ರೋಗಿಯ ಅರಿವಿಗೆ ಬಾರದಿದ್ದರೂ ಪೆಟ್ಟಿನ ಕೆಳಗಿನ ನರಗಳು ಅದಕ್ಕೆ ಸ್ಪಂದಿಸಿ ರಕ್ತನಾಳಗಳನ್ನು ಸಂಕುಚಿಸುತ್ತವೆ. ಅದನ್ನು ತಡೆಯಲು ಮಿದುಳು ಕಳುಹಿಸುವ ಆಜ್ಞೆ ಪೆಟ್ಟಾದ ಜಾಗ ದಾಟಿ ಕೆಳಗಿಳಿಯುವುದಿಲ್ಲ. ರಕ್ತದೊತ್ತಡ ಏರುತ್ತಲೇ ಹೋಗುತ್ತದೆ. ಮಲಬದ್ಧತೆ, ಹಾಸಿಗೆಹುಣ್ಣು, ಮಾಂಸದೊಳಕ್ಕೆ ಚುಚ್ಚಿ ಬೆಳೆದ ಕಾಲುಗುರು ಸಹ ಇದಕ್ಕೆ ಕಾರಣವಾದೀತು.

ಇಂಥವರ ರಕ್ತದೊತ್ತಡದ ಮೇಲಿನ ಅಂಕಿ ಸಾಮಾನ್ಯವಾಗಿ 90ರಿಂದ 110ರಷ್ಟೇ ಇರುವುದರಿಂದ 140 ಎಂಬುದೂ ಅಪಾಯದ ಸೂಚನೆ. ಆಸ್ಪತ್ರೆಗಳಲ್ಲಿಯೂ ಈ ಅಂಕಿ ಯಾರನ್ನೂ ಗಾಬರಿಗೊಳಿಸದಿರುವುದೇ ತೊಡಕು. ನಿರ್ಲಕ್ಷಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ರೋಗಿಯನ್ನು ನೇರವಾಗಿ ಕೂರಿಸಿ ಕಾಲುಗಳನ್ನು ಇಳಿಬಿಡಬೇಕು. ಬಿಗಿಯುಡುಪು ಸಡಿಲಿಸಿ, ಮೂತ್ರದ ಕೊಳವೆ ಎಲ್ಲಿಯಾದರೂ ಮಡಚಿಕೊಂಡಿದೆಯೇ ಎಂದು ನೋಡಬೇಕು. ಅನೇಕ ವೇಳೆ ಮಡಿಕೆ ಬಿಡಿಸಿ ಮೂತ್ರ ಹರಿದೊಡನೆ ಒತ್ತಡ ಇಳಿಯುತ್ತದೆ. ಇಳಿಯದಿದ್ದರೆ ಕೂರಿಸಿಕೊಂಡೇ ಆಸ್ಪತ್ರೆಗೆ ಒಯ್ದು, ಪೆಟ್ಟು ಎಲ್ಲಿ ಬಿದ್ದದ್ದು, ಎಂದಿನ ಒತ್ತಡವೆಷ್ಟು ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ಹಿಂದಿನ 24 ಗಂಟೆಗಳಲ್ಲಿ ಸಿಲ್ಡೆನಾಫಿಲ್ ಮಾತ್ರೆ ನುಂಗಿದ್ದರೆ ಸಂಕೋಚಪಡದೆ ಹೇಳಬೇಕು. ಒತ್ತಡ ತಗ್ಗಿಸಲು ಕೊಡುವ ನೈಟ್ರೇಟ್ ಔಷಧ ಅದರೊಡನೆ ಸೇರಿದರೆ ಒತ್ತಡ ಪಾತಾಳಕ್ಕಿಳಿದೀತು.